ತಾಲ್ಲೂಕು ಕಚೇರಿಯ ಅಭಿಲೇಖಾಲಯ: ಒಂದು ಹಾಳೆಗಾಗಿ ನಾಲ್ಕು ಭೇಟಿ

ರಾಜಾಜಿನಗರದ ನಮ್ಮ ಮನೆಯಿಂದ ಹೊರಟು ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿದರೆ ಎರಡು ಗಂಟೆಯೊಳಗೆ ತಲುಪಬಹುದಾದ ಒಂದು ಗ್ರಾಮಾಂತರ ತಾಲ್ಲೂಕಿನ ಕಚೇರಿಗೆ ಕಳೆದ ಮೂರು ತಿಂಗಳಲ್ಲಿ ನಾಲ್ಕು ಬಾರಿ ಹೋಗಿಬಂದಿದ್ದೇನೆ. ನನಗೆ ಬೇಕಿದ್ದುದು ಒಂದೇ ಹಾಳೆ: ಎರಡು ಎಕರೆ ಹನ್ನೊಂದು ಗುಂಟೆ ಖುಷ್ಕಿ ಜಮೀನು ನಮ್ಮ ತಾತನವರ ಹೆಸರಿಗೆ ಬಂದ 1968-69ನೇ ಸಾಲಿನ ಮ್ಯುಟೇಷನ್ (ಹಕ್ಕು ಬದಲಾವಣೆ) ನಮೂದಿನ ದೃಢೀಕೃತ ನಕಲು. ಅದು ಸಿಕ್ಕಿದೆ. ಆ ಕಚೇರಿಯ ಹೆಸರನ್ನು ಬರೆಯುವುದಿಲ್ಲ. ಬೆಂಗಳೂರಿನಲ್ಲಿ ನೆಲೆಸಿ ಊರಿನ ಜಮೀನಿನ ಕಾಗದಕ್ಕಾಗಿ ಅಲೆಯುವವರಿಗೆ ಅಲ್ಲಿನ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿದರೆ ಸಾಕು.

ಮೊದಲು ಮನೆಯಲ್ಲೇ ಕುಳಿತು ಆಗುವ ಕೆಲಸದ ಬಗ್ಗೆ ಹೇಳಬೇಕು; ಆ ಭಾಗದ ಬಗ್ಗೆ ನನಗೆ ತಕರಾರಿಲ್ಲ. ಜಮೀನಿನ ಹಕ್ಕು, ಸಾಗುವಳಿಯ ವಿವರವಿರುವ ಪಹಣಿಗಳು 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಡಿ ಗಣಕೀಕರಣಗೊಂಡವು. ಈಗ ಸರ್ವೆ ನಂಬರು ಗೊತ್ತಿದ್ದವರು ಯಾರು ಬೇಕಾದರೂ ಅವನ್ನು ನೋಡಬಹುದು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್ 1ರಿಂದ ಈಚಿನ ಋಣಭಾರ ಪತ್ರ (ಇ.ಸಿ.) ಸಿಗುತ್ತದೆ. ಗ್ರಾಮ ನಕ್ಷೆ ಇಳಿಸಿಕೊಳ್ಳಬಹುದು, ದಿಶಾಂಕ್ ಆ್ಯಪ್ ತೆರೆದು ಹೊಲದಲ್ಲಿ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇವೆ ಎಂಬುದೂ ಕಾಣುತ್ತದೆ. ಇಷ್ಟನ್ನೂ ಒಂದು ಭಾನುವಾರ ಮಧ್ಯಾಹ್ನ ಮುಗಿಸಿ ಮಲ್ಲೇಶ್ವರದಲ್ಲಿರುವ ನಮ್ಮ ವಕೀಲರ ಮುಂದೆ ಇಟ್ಟೆ. ಅವರು ಕಾಗದಗಳನ್ನು ಎರಡು ಸಲ ತಿರುವಿ ಹಾಕಿ, “ಜಮೀನು ನಿಮ್ಮ ತಾತನಿಗೆ ಹೇಗೆ ಬಂತು ಅನ್ನೋದು ಇದರಲ್ಲಿ ಎಲ್ಲೂ ಇಲ್ವಲ್ಲ” ಎಂದರು.

ಅವರು ಕೇಳಿದ್ದು ನ್ಯಾಯವಾದದ್ದೇ. ಜಮೀನು ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬುದರ ಮೇಲೆ ಇಂದಿನ ವಾರಸುದಾರರ ಪಾಲು ನಿಂತಿರುತ್ತದೆ. ಋಣಭಾರ ಪತ್ರದಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ; ಅಣ್ಣತಮ್ಮಂದಿರು ಊರ ಹಿರಿಯರ ಮುಂದೆ ಬಾಯಿಮಾತಿನಲ್ಲಿ ಮಾಡಿಕೊಂಡ ಪಾಲಿನ ಸುಳಿವು ಎಷ್ಟು ಹಳೆಯ ಋಣಭಾರ ಪತ್ರ ತೆಗೆಸಿದರೂ ಅದರಲ್ಲಿ ಸಿಗದು. ಆ ಸುಳಿವು ಇರುವುದು ಮ್ಯುಟೇಷನ್ ರಿಜಿಸ್ಟರಿನಲ್ಲಿ, ಅಂದರೆ ಎಲ್ಲರೂ ‘ಎಂ.ಆರ್.’ ಎಂದು ಕರೆಯುವ ಪುಸ್ತಕದಲ್ಲಿ. 1964ರ ಭೂ ಕಂದಾಯ ಅಧಿನಿಯಮದ 133ನೇ ಕಲಮಿನ ಪ್ರಕಾರ ಹಕ್ಕು ದಾಖಲೆಯ ನಮೂದನ್ನೂ ಮ್ಯುಟೇಷನ್ ರಿಜಿಸ್ಟರಿನ ದೃಢೀಕೃತ ನಮೂದನ್ನೂ ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದೇ ಭಾವಿಸಬೇಕು. ಇಷ್ಟು ತೂಕವುಳ್ಳ ಪುಸ್ತಕ ತಾಲ್ಲೂಕು ಕಚೇರಿಯ ಹಿಂಬದಿಯ ದಾಖಲೆ ಕೋಣೆಯಲ್ಲಿ, ಅಂದರೆ ಅಭಿಲೇಖಾಲಯದಲ್ಲಿ, ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿಸಿಕೊಂಡು ಕುಳಿತಿರುತ್ತದೆ.

ಮೊದಲ ಭೇಟಿ ಹತ್ತೇ ನಿಮಿಷದಲ್ಲಿ ಮುಗಿಯಿತು. ಸರ್ವೆ ನಂಬರು ಮತ್ತು ತಾತನವರ ಹೆಸರು ಬರೆದ ನನ್ನ ಅರ್ಜಿಯನ್ನು ಕಿಟಕಿಯಲ್ಲಿದ್ದವರು ತೆಗೆದುಕೊಳ್ಳಲೇ ಇಲ್ಲ. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ವಯಸ್ಸಾದ ಅಟೆಂಡರ್ ಒಬ್ಬರು, “ಸ್ವಾಮಿ, ಸರ್ವೆ ನಂಬರ್ ಇಟ್ಕೊಂಡು ಈ ರೂಮಲ್ಲಿ ಏನೂ ಹುಡುಕಕ್ಕಾಗಲ್ಲ. ಎಂ.ಆರ್. ನಂಬರ್ರು, ಸಾಲು, ಎರಡೂ ಬೇಕು. ಹಳೇ ಪಾಣಿ ತೆಗೆಸಿ, ಹತ್ತನೇ ಕಾಲಂ ನೋಡಿ” ಎಂದರು. ಇಡೀ ಅನುಭವದಲ್ಲಿ ನನಗೆ ದೊರೆತ ಅತ್ಯುತ್ತಮ ಸೇವೆ ಆ ಒಂದು ಮಾತು. ಪಹಣಿಯ 9ನೇ ಕಾಲಂನಲ್ಲಿ ಕಬ್ಜೆದಾರರ (ಜಮೀನು ಹೊಂದಿರುವವರ) ಹೆಸರಿದ್ದರೆ, ಸ್ವಾಧೀನತೆಯ ರೀತಿಯನ್ನು ತೋರಿಸುವ 10ನೇ ಕಾಲಂನಲ್ಲಿ ಹಕ್ಕು ಬದಲಾದ ಎಂ.ಆರ್. ಸಂಖ್ಯೆ ಇರುತ್ತದೆ. ಎರಡನೆಯ ಭೇಟಿಯಲ್ಲಿ ಕೈಬರಹದ ಪಹಣಿಯ ನಕಲು ಪಡೆದು ನೋಡಿದಾಗ, ಬೇರೆ ಶಾಯಿಯಲ್ಲಿ, ಗೆರೆಯ ಆಚೆಗೆ ಚಾಚಿಕೊಂಡಂತೆ ‘ಎಂ.ಆರ್. 14/68-69’ ಎಂದು ಬರೆದಿತ್ತು. ಅಷ್ಟನ್ನೇ ನಮೂದಿಸಿ ಅಂದೇ ಹೊಸ ಅರ್ಜಿ ಕೊಟ್ಟೆ. ಸ್ವೀಕೃತಿ ಕೇಳಿದಾಗ “ಅದೆಲ್ಲ ಏನೂ ಬೇಡ, ಮುಂದಿನ ವಾರ ಬನ್ನಿ” ಎಂಬ ಉತ್ತರ ಬಂತು. ನಾನು ಸುಮ್ಮನೆ ತಲೆಯಾಡಿಸಿ ಬಂದೆ. ತಪ್ಪು ನನ್ನದೂ ಹೌದು. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಸಕಾಲದಡಿ ಬರುವ ಸೇವೆಗಳಿಗೆ ತಡವಾದ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೇಳುವ ಹಕ್ಕನ್ನು ಕಾನೂನು ಕೊಟ್ಟಿದೆಯಾದರೂ, ಅರ್ಜಿ ಕೊಟ್ಟದ್ದಕ್ಕೇ ಪುರಾವೆಯಿಲ್ಲದವನು ಯಾವ ದಿನದಿಂದ ಲೆಕ್ಕ ಹಾಕಿಸಬೇಕು?

ಮೂರನೆಯ ಭೇಟಿಯಲ್ಲಿ “ಹುಡುಕಿದ್ವಿ, ಸಿಗ್ಲಿಲ್ಲ” ಎಂದರು. ಈ ‘ಸಿಗ್ಲಿಲ್ಲ’ ಎಂಬ ಮಾತಿಗೆ ಕಂದಾಯ ಕಚೇರಿಯಲ್ಲಿ ಬೆಲೆಯೇ ಇಲ್ಲ ಎಂಬುದನ್ನು ನಾನು ತಡವಾಗಿ ಕಲಿತೆ. ದಾಖಲೆ ನಿಜಕ್ಕೂ ಇಲ್ಲವಾದರೆ ‘ಲಭ್ಯವಿಲ್ಲ’ ಎಂದು ಹಿಂಬರಹ (ಲಿಖಿತ ಉತ್ತರ) ಕೊಡಬೇಕು. ಹಿಂಬರಹಕ್ಕೆ ಯಾರಾದರೂ ಸಹಿ ಹಾಕಬೇಕು. ಸಹಿ ಹಾಕುವ ಮುನ್ನ ಆ ವ್ಯಕ್ತಿ ಒಮ್ಮೆಯಾದರೂ ರ್ಯಾಕಿನ ಕಡೆ ನೋಡುತ್ತಾರೆ. ನಾನು ಹಿಂಬರಹ ಕೇಳಿದಾಗ ಅದನ್ನೂ ಕೊಡಲಿಲ್ಲ. ಹೀಗಾಗಿ ಮಾಹಿತಿ ಹಕ್ಕು ಕಾಯ್ದೆಯ ಮೊರೆಹೊಕ್ಕೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳನ್ನು ಮೀರದಂತಿರಬೇಕು. ಶುಲ್ಕ 10 ರೂಪಾಯಿ. ನಕಲು ಕೇಳುವ ಬದಲು, ಆ ಸಾಲಿನ ಎಂ.ಆರ್. ಪುಸ್ತಕವನ್ನು ಖುದ್ದಾಗಿ ಪರಿಶೀಲಿಸಲು ಅವಕಾಶ ಕೊಡಿ ಎಂದು ಬರೆದೆ. ಹಾಗೆ ಬರೆಯಲು ಸಲಹೆ ಕೊಟ್ಟವರು ವಕೀಲರು. ಕಾಯ್ದೆಯ ಪ್ರಕಾರ ಉತ್ತರಕ್ಕೆ 30 ದಿನಗಳ ಗಡುವಿದೆ. ಅದು ತಪ್ಪಿದರೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು, ಅಲ್ಲಿಂದ ಮುಂದೆ ಮೊದಲ ಮೇಲ್ಮನವಿಯ ದಾರಿಯೂ ತೆರೆಯುತ್ತದೆ. ಇಪ್ಪತ್ನಾಲ್ಕನೆಯ ದಿನ ಪತ್ರ ಬಂತು.

ಅಭಿಲೇಖಾಲಯದ ಒಳಗೆ ಕಾಲಿಟ್ಟದ್ದು ನಾಲ್ಕನೆಯ ಭೇಟಿಯಲ್ಲಿ. ಎದೆಮಟ್ಟದವರೆಗೆ ಕಬ್ಬಿಣದ ರ್ಯಾಕುಗಳು, ಅದರ ಮೇಲೆ ಛಾವಣಿಯವರೆಗೆ ಗಂಟುಗಳು, ಹೋಬಳಿಯ ಹೆಸರು ಬರೆದ ರಟ್ಟಿನ ಚೀಟಿಗಳು. ನಮ್ಮ ಹೋಬಳಿಯ ಸಾಲಿನಲ್ಲಿ ನಮ್ಮ ಊರಿನ ಗಂಟು ಇರಲಿಲ್ಲ. ಅದೇ ಅಟೆಂಡರ್ ಏಣಿ ಹತ್ತಿ ಪಕ್ಕದ ಹೋಬಳಿಯ ಮೇಲಿನ ಸಾಲಿನಿಂದ ಅದನ್ನು ಇಳಿಸಿದರು. ನಮ್ಮ ಗ್ರಾಮ ಹಿಂದೊಮ್ಮೆ ಆ ಹೋಬಳಿಗೆ ಸೇರಿತ್ತಂತೆ, ಊರು ಈ ಕಡೆ ಬಂದರೂ ಗಂಟು ಆ ಕಡೆಯೇ ಉಳಿದುಕೊಂಡಿತ್ತಂತೆ. ಬಟ್ಟೆ ಬಿಚ್ಚಿದಾಗ ಹಾಳೆಗಳ ಅಂಚು ಹಪ್ಪಳದಂತೆ ಮುರಿಯಿತು. 14ನೇ ನಮೂದು ಗ್ರಾಮ ಲೆಕ್ಕಿಗರ ದುಂಡನೆಯ ಅಕ್ಷರದಲ್ಲಿ, ಆರೇ ಸಾಲು: ಸಹೋದರರು ಒಪ್ಪಿ ವಿಭಾಗ ಮಾಡಿಕೊಂಡಿರುವುದರಿಂದ ಖಾತೆ ಬದಲಿಸಿದೆ ಎಂದು ಬರೆದು, ಕೆಳಗೆ ರಾಜಸ್ವ ನಿರೀಕ್ಷಕರ ಸಹಿ, ಅದರ ಪಕ್ಕದಲ್ಲಿ ನಮ್ಮ ಚಿಕ್ಕ ತಾತನವರ ಹೆಬ್ಬೆಟ್ಟಿನ ಗುರುತು. ಅವರು ಸಹಿ ಮಾಡುತ್ತಿರಲಿಲ್ಲ ಎಂಬುದು ನನಗೆ ಅಂದೇ ತಿಳಿದದ್ದು.

ಆ ಕಚೇರಿಯಲ್ಲಿ ಲಂಚ ಕೇಳಿದವರಿಲ್ಲ, ಒರಟಾಗಿ ಮಾತನಾಡಿದವರೂ ಒಬ್ಬರೋ ಇಬ್ಬರೋ. ನನ್ನ ದೂರು ಇರುವುದು ಸೂಚಿಯ ಬಗ್ಗೆ. ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಹಾಕಿ ಇಡಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು 2005ರಿಂದಲೂ ಹೇಳುತ್ತಿದೆ. ಈ ಕೋಣೆಯ ಸೂಚಿ ಇರುವುದು ನಿವೃತ್ತಿಯ ಹೊಸ್ತಿಲಲ್ಲಿರುವ ಒಬ್ಬ ಅಟೆಂಡರ್ ತಲೆಯಲ್ಲಿ. ಭೂ ಸುರಕ್ಷಾ ಯೋಜನೆಯಡಿ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಕೆಲಸ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ನಡೆದಿದೆ, ಇಲ್ಲಿಯೂ ಮೂಲೆಯಲ್ಲಿ ಇಬ್ಬರು ಹುಡುಗರು ಹಾಳೆ ಮಗುಚುತ್ತಿದ್ದರು. ಅದು ಸಂತೋಷದ ಸಂಗತಿಯೇ. ಆದರೆ ತಪ್ಪು ಹೋಬಳಿಯ ರ್ಯಾಕಿನಲ್ಲಿರುವ ಗಂಟನ್ನು ತಪ್ಪು ಹೋಬಳಿಯ ಹೆಸರಿನಲ್ಲೇ ಕಂಪ್ಯೂಟರಿಗೆ ಏರಿಸಿದರೆ, ಇಂದು ಏಣಿ ಹತ್ತಿ ಹುಡುಕಬಹುದಾದದ್ದನ್ನು ನಾಳೆ ಹುಡುಕಲು ಏಣಿಯೂ ಇರುವುದಿಲ್ಲ. ಈ ಮಾತನ್ನು ಶಿರಸ್ತೇದಾರರಿಗೆ ಹೇಳಿದೆ, ಅವರು ಬರೆದುಕೊಂಡರು.

ಐದಕ್ಕೆ ಎರಡೂವರೆ ಅಂಕ ಕೊಡುತ್ತೇನೆ, ಅದರಲ್ಲಿ ಒಂದು ಪೂರ್ತಿ ಆ ಅಟೆಂಡರ್ ಅವರದು. ಹೋಗುವವರು 10ನೇ ಕಾಲಂ ನೋಡದೆ ಬಸ್ಸು ಹತ್ತಬೇಡಿ, ಅರ್ಜಿಯ ಎರಡನೆಯ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸದೆ ಕಿಟಕಿ ಬಿಡಬೇಡಿ, ನಿಮ್ಮ ಊರು ಹಿಂದೆ ಯಾವ ಹೋಬಳಿಗೆ ಸೇರಿತ್ತೆಂದು ಮನೆಯ ಹಿರಿಯರನ್ನು ಕೇಳಿಕೊಂಡು ಹೋಗಿ. ಜೆರಾಕ್ಸ್ ಅಂಗಡಿ ಕಚೇರಿಯ ಗೇಟಿನ ಎದುರಿಗೇ ಇದೆ. ಕರೆಂಟು ಹೋದರೆ ಮಾತ್ರ ಬಸ್ ನಿಲ್ದಾಣದವರೆಗೆ ನಡೆಯಬೇಕು.