ಪರದೇಶದಲ್ಲೊಬ್ಬ ಜೊತೆಗಾರ: ‘ಬಡಿ ಪ್ರೋಗ್ರಾಂ’ ಹೇಗಿದೆ?

ವಿದೇಶಕ್ಕೆ ಓದಲು, ದುಡಿಯಲು ಹೋದವರಿಗೆ ಅನೇಕ ಯೂನಿವರ್ಸಿಟಿ, ಕಂಪನಿಗಳು ‘ಬಡಿ’ (buddy), ಅಂದರೆ ಹೊಸ ಜಾಗಕ್ಕೆ ಹೊಂದಿಕೊಳ್ಳಲು ನೆರವಾಗುವ ಜೊತೆಗಾರರೊಬ್ಬರನ್ನು ಗೊತ್ತುಮಾಡಿಕೊಡುತ್ತವೆ. ಖಂಡಿತ ತೆಗೆದುಕೊಳ್ಳಬೇಕಾದ ಸೇವೆ. ಆದರೆ ಫಾರ್ಮ್ ತುಂಬುವಾಗಲೇ ಅರ್ಧ ಫಲ ನಿರ್ಧಾರವಾಗಿರುತ್ತದೆ.

ಹವ್ಯಾಸದ ಜಾಗದಲ್ಲಿ ಸಿನಿಮಾ, ಪ್ರವಾಸ ಅಂತ ಬರೆದರೆ ಯಾರೋ ಒಬ್ಬರು ಸಿಗುತ್ತಾರೆ, ಅಷ್ಟೇ. ಬದಲಿಗೆ ‘ಬಾಡಿಗೆ ಕರಾರು ಓದಿ ಅರ್ಥ ಹೇಳಬೇಕು, ಶನಿವಾರ ಬಿಡುವಿದೆ’ ಅಂತ ಬರೆಯಿರಿ. ಒಂದೇ ಬಾಸ್ ಕೈಕೆಳಗಿನವರು ಬೇಡ. ಅವರ ಹತ್ತಿರ ಮನಬಿಚ್ಚಿ ಮಾತಾಡಲು ಆಗುವುದಿಲ್ಲ.

ನಮ್ಮ ದೇಶದವರೋ, ಅಲ್ಲಿಯವರೋ? ಇಬ್ಬರೂ ಬೇಕು. ಹವಾಯಿಯ ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಬಾಕ್ನರ್ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತು: ಸ್ವಂತ ಸಂಸ್ಕೃತಿ ಹಂಚಿಕೊಳ್ಳಲು ಸ್ವದೇಶಿ ಗೆಳೆಯರು, ಓದು-ಕೆಲಸದ ದಾರಿ ತೋರಲು ಸ್ಥಳೀಯರು. ಪ್ರೋಗ್ರಾಂ ಒಬ್ಬರನ್ನೇ ಕೊಡುವುದಾದರೆ ಸ್ಥಳೀಯರನ್ನೇ ಕೇಳಿ. ನಮ್ಮವರು ಹೇಗೂ ಸಿಗುತ್ತಾರೆ.

ಒಳ್ಳೆಯ ಜೊತೆಗಾರರ ಬೆಲೆ ಗೊತ್ತಾಗುವುದು ಸಣ್ಣ ವಿಷಯಗಳಲ್ಲಿ. ‘ಯಾವಾಗಲಾದರೂ ಮನೆಗೆ ಬನ್ನಿ’ ಅಂದದ್ದು ನಿಜವಾದ ಕರೆಯೋ, ಬರೀ ಸೌಜನ್ಯವೋ ಅನ್ನುವುದನ್ನು ಅವರೇ ಹೇಳಬೇಕು. ಹೆಸರಿನ ವಿಷಯವಂತೂ ಇನ್ನೂ ಸೂಕ್ಷ್ಮ. ಉಚ್ಚರಿಸಲು ಕಷ್ಟವೆಂದು ಯಾರೋ ಮೊಟಕು ಮಾಡಿದ ಹೆಸರು ಒಂದು ವಾರದಲ್ಲಿ ಅಂಟಿಕೊಳ್ಳುತ್ತದೆ, ಆಮೇಲೆ ಬಿಡಿಸುವುದು ಕಷ್ಟ. ಮೊದಲ ಭೇಟಿಯಲ್ಲೇ ಪೂರ್ತಿ ಹೆಸರನ್ನು ಅಕ್ಷರ ಬಿಡಿಸಿ ಕಲಿಸಿ. ಗುಂಪಿನಲ್ಲಿ ಪರಿಚಯಿಸುವಾಗ ಅವರು ಅದನ್ನು ಸರಿಯಾಗಿ ಹೇಳಿದರೆ ಉಳಿದವರೂ ಹಾಗೇ ಕರೆಯುತ್ತಾರೆ.

ದೊಡ್ಡ ಕೊರತೆ ಅವಧಿಯದು. ಅನೇಕ ಕಡೆ ಒಂದು ಸೆಮಿಸ್ಟರ್‌ಗೇ ಮುಗಿದುಹೋಗುತ್ತದೆ. ಅಮೆರಿಕಕ್ಕೆ ಹೋಗಿದ್ದ ನಾರ್ವೆಯ ವಿದ್ವಾಂಸರನ್ನು ಕುರಿತ ಲಿಸ್‌ಗಾರ್ಡ್ ಅವರ 1955ರ ಅಧ್ಯಯನದ ಪ್ರಕಾರ, ಹೆಚ್ಚು ಹೆಣಗಿದವರು 6ರಿಂದ 18 ತಿಂಗಳು ಇದ್ದವರು. ಎಲ್ಲರಿಗೂ ಹೀಗೇ ಆಗುವುದಿಲ್ಲ, ಎಷ್ಟೋ ಜನಕ್ಕೆ ಮೊದಲ ದಿನಗಳೇ ಕಠಿಣವೆಂದು ಆಮೇಲಿನ ಅಧ್ಯಯನಗಳು ತೋರಿಸಿವೆ. ಆದರೂ ಅವಧಿ ಮುಗಿದ ಮೇಲೆ ತಿಂಗಳಿಗೊಂದು ಭೇಟಿಯನ್ನಾದರೂ ನೀವೇ ಇಟ್ಟುಕೊಳ್ಳಿ.

ಇನ್ನೊಂದು ಎಡವಟ್ಟು, ಎಲ್ಲದಕ್ಕೂ ಅವರನ್ನೇ ನೆಚ್ಚಿಕೊಳ್ಳುವುದು. ಬ್ಯಾಂಕಿನಲ್ಲಿ ಮೊದಲ ಸಲ ಅವರು ಮಾತಾಡಲಿ, ಎರಡನೇ ಸಲ ಪಕ್ಕದಲ್ಲಿ ನಿಲ್ಲಲಿ, ಮೂರನೇ ಸಲ ನೀವೊಬ್ಬರೇ ಹೋಗಿ. ಪಾಸ್‌ಪೋರ್ಟ್, ಪಾಸ್‌ವರ್ಡ್ ಯಾರ ಕೈಗೂ ಕೊಡಬೇಡಿ. ಊಟ, ನಿದ್ದೆ ಎರಡು ವಾರದಿಂದ ಕೆಟ್ಟಿದ್ದರೆ ಗೆಳೆಯರ ಸಮಾಧಾನ ಸಾಲದು, ಡಾಕ್ಟರ್ ಹತ್ತಿರ ಹೋಗಬೇಕು. ಜೊತೆಗಾರರು ಹೊಂದದಿದ್ದರೆ ಸಂಕೋಚ ಬೇಡ, ಆದಷ್ಟು ಬೇಗ ಸಂಯೋಜಕರಿಗೆ ಹೇಳಿ ಬದಲಾಯಿಸಿಕೊಳ್ಳಿ.