ಆಪರೇಷನ್ ಚೆನ್ನಾಗಿ ಮಾಡಿದರು, ಮನೆಗೆ ಕಳಿಸುವಾಗ ಏನೂ ಹೇಳಲಿಲ್ಲ

ನನ್ನ ಮಗಳಿಗೆ 7 ವರ್ಷ. ತಿಂಗಳು ಬಿಟ್ಟು ತಿಂಗಳು ಗಂಟಲು ನೋವು, ಜ್ವರ, ಸ್ಕೂಲಿಗೆ ರಜೆ. ಕೊನೆಗೆ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಟಾನ್ಸಿಲ್ ತೆಗೆಸಿದೆವು. ಆಸ್ಪತ್ರೆ ಹೆಸರು ಬರೆಯುವುದಿಲ್ಲ.

ಆಪರೇಷನ್ ಬಗ್ಗೆ ನನ್ನದೇನೂ ದೂರಿಲ್ಲ. ಅರಿವಳಿಕೆ ಡಾಕ್ಟರು ಹಿಂದಿನ ದಿನವೇ ಬಂದು, ಅಲುಗಾಡುವ ಹಾಲುಹಲ್ಲು ಇದೆಯಾ ಅಂತ ಬೆರಳಿಟ್ಟು ನೋಡಿದರು. ನರ್ಸ್‌ಗಳು ರಾತ್ರಿಯಿಡೀ ಬಂದು ಬಂದು ವಿಚಾರಿಸಿಕೊಂಡರು.

ಮಾರನೇ ದಿನ ಡಿಸ್ಚಾರ್ಜ್. ಒಂದು ಹಾಳೆ, ಅದರಲ್ಲಿ ಮೂರು ಔಷಧಿ. ‘ಐಸ್‌ಕ್ರೀಮ್ ಕೊಡಿ, 10 ದಿನ ಬಿಟ್ಟು ಬನ್ನಿ’ ಅಂದರು, ಅಷ್ಟೇ.

ಮೂರನೇ ದಿನ ಗಂಟಲಲ್ಲಿ ಬೆಳ್ಳಗೆ ಪದರ ಕಾಣಿಸಿತು, ಕೀವು ಅಂತ ಹೆದರಿದೆವು. ಜೊತೆಗೆ ಕಿವಿ ನೋವು ಅಂತ ಅಳು. ಫೋನ್ ಮಾಡಿದರೆ ರಿಸೆಪ್ಷನ್‌ನವರು ‘ಓಪಿಡಿಗೆ ಬನ್ನಿ’ ಅಂದರು. ಎರಡೂ ಮಾಮೂಲಿಯಂತೆ! ಗಾಯ ಮಾಯುವಾಗ ಆ ಬಿಳಿ ಪದರ ಬಂದೇ ಬರುತ್ತದೆ, ಗಂಟಲಿಗೂ ಕಿವಿಗೂ ಹೋಗುವ ನರ ಒಂದೇ ಆದ್ದರಿಂದ ಕಿವಿಯೂ ನೋಯುತ್ತದೆ. ನಮಗೆ ಇದು ಗೊತ್ತಾಗಿದ್ದು ಆಮೇಲೆ.

ಏಳನೇ ರಾತ್ರಿ ಪಕ್ಕದಲ್ಲಿ ಮಲಗಿದ್ದ ಮಗು ನಿದ್ದೆಯಲ್ಲೇ ಗುಟುಕ್ ಗುಟುಕ್ ಅಂತ ನುಂಗುತ್ತಲೇ ಇತ್ತು. ಬಾಯಾರಿಕೆ ಇರಬೇಕು ಅಂದುಕೊಂಡೆ. ನೀರು ಕುಡಿಸೋಣ ಅಂತ ಲೈಟ್ ಹಾಕಿದರೆ ದಿಂಬಿನ ಮೇಲೆ ಅಂಗೈಯಗಲ ರಕ್ತ. ಆಸ್ಪತ್ರೆಯ ನಂಬರ್ ಯಾರೂ ಎತ್ತಲಿಲ್ಲ. ಆಟೋ ಹಿಡಿದು ನೇರ ಕ್ಯಾಶುವಾಲ್ಟಿಗೆ ಓಡಿದೆವು. ದಾರಿಯಲ್ಲಿ ಒಂದು ಸಲ ವಾಂತಿ ಮಾಡಿದಳು, ಕಪ್ಪಗೆ, ನುಂಗಿದ ರಕ್ತ ಅದು. ಡ್ರಿಪ್ ಹಾಕಿ, ರಕ್ತ ಪರೀಕ್ಷೆ ಮಾಡಿ, ಒಂದು ದಿನ ಇಟ್ಟುಕೊಂಡು ನೋಡಿದರು. ಪುಣ್ಯಕ್ಕೆ ರಕ್ತ ತಾನಾಗೇ ನಿಂತಿತು. ನಿಲ್ಲದಿದ್ದರೆ ಮತ್ತೆ ಥಿಯೇಟರ್‌ಗೆ ಕರೆದುಕೊಂಡು ಹೋಗಬೇಕಾಗುತ್ತಿತ್ತಂತೆ.

ಆ ಹೊತ್ತಲ್ಲಿ ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ಎರಡೇ ನಿಮಿಷದಲ್ಲಿ ಎಲ್ಲ ಬಿಡಿಸಿ ಹೇಳಿದರು. ಆಪರೇಷನ್ ಆದ 5ರಿಂದ 10ನೇ ದಿನದೊಳಗೆ ಆ ಪದರ ಕಳಚುವಾಗ ಕೆಲವರಿಗೆ ರಕ್ತ ಬರುತ್ತದೆ. ಮಗು ನಿದ್ದೆಯಲ್ಲಿ ಪದೇ ಪದೇ ನುಂಗಿದರೆ ಬಾಯಿ ನೋಡಿ. ಸ್ವಲ್ಪ ರಕ್ತ ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, ಬಂದುಬಿಡಿ. ನೋವಿನ ಔಷಧಿ ಹೊತ್ತಿಗೆ ಸರಿಯಾಗಿ ಕೊಟ್ಟು ನೀರು, ಊಟ ಮಾಡಿಸುತ್ತಿರಿ. ಆಸ್ಪಿರಿನ್ ಮಾತ್ರ ಬೇಡವೇ ಬೇಡ.

ಆಪರೇಷನ್‌ಗೆ 5ಕ್ಕೆ 5 ಕೊಡುತ್ತೇನೆ, ಆಮೇಲಿನದಕ್ಕೆ 1. ಇಷ್ಟನ್ನು ಆ ಡಿಸ್ಚಾರ್ಜ್ ಹಾಳೆಯಲ್ಲೇ ಬರೆದುಕೊಡಬಹುದಿತ್ತು ಅಲ್ವಾ? ಹಿಂಬದಿ ಪೂರ್ತಿ ಖಾಲಿ ಇತ್ತು.