ಎಟ್ರಿಕ್ ಟೌಬೆಯ ಮಾದರಿಗೆ ಪ್ಲಾಸ್ಟಿಕ್ಕೋ, ಮರವೋ?

1911ರ ನವೆಂಬರ್ 1ರಂದು ಇಟಲಿಯ ಜೂಲಿಯೊ ಗವೊಟ್ಟಿ ಲಿಬಿಯಾದಲ್ಲಿ ಬಾಂಬುಗಳನ್ನು ಎಸೆದದ್ದು ಎಟ್ರಿಕ್ ಟೌಬೆ ವಿಮಾನದಿಂದ. ಸಿದ್ಧ ಬಿಡಿಭಾಗಗಳ ಕಿಟ್ಟಿನ ನೆರವಿಲ್ಲದೆ ಅದರ ಮಾದರಿಯನ್ನು 1:48ರ ಅಳತೆಯಲ್ಲಿ ಕಟ್ಟುವವರಿಗೆ ಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಹಾಳೆ ಸುಲಭ: ಗೀರಿ ಮುರಿಯಬಹುದು, ದ್ರಾವಕ ಹಚ್ಚಿದರೆ ಬೆಸೆದಂತೆ ಕೂಡುತ್ತದೆ, ಝನೋನಿಯಾ ಎಂಬ ಬಳ್ಳಿಯ ಬೀಜದ ಆಕಾರದಿಂದ ಪ್ರೇರಿತವಾದ ರೆಕ್ಕೆಯ ತುದಿಗಳನ್ನು (ಟೌಬೆ ಎಂಬ ಹೆಸರಿನ ಅರ್ಥ ಮಾತ್ರ ಪಾರಿವಾಳ) ಬಿಸಿನೀರಿನಲ್ಲಿ ಮೆತ್ತಗಾಗಿಸಿ ಬಾಗಿಸಬಹುದು. ಆದರೆ ಮೂಲ ವಿಮಾನದ ಬಟ್ಟೆಯ ಮೂಲಕ ಬೆಳಕು ಹಾಯುತ್ತಿತ್ತು. ಪ್ಲಾಸ್ಟಿಕ್ಕಿನಲ್ಲಿ ಆ ನೋಟವನ್ನು ಬಣ್ಣದಿಂದಷ್ಟೇ ತರಬೇಕು. ಬಾಸ್‌ವುಡ್ ಎಂಬ ಮೆದು ಮರದ ಕಡ್ಡಿಗಳ ಚೌಕಟ್ಟಿಗೆ ತೆಳುಕಾಗದ ಹೊದಿಸಿದರೆ ಅದು ತಾನಾಗಿ ಬರುತ್ತದೆ, ಆದ್ದರಿಂದ ನನ್ನ ಆಯ್ಕೆ ಮರವೇ. ಮೊದಲ ಮಾದರಿ ಕಟ್ಟುವವರಿಗೆ ಮಾತ್ರ ಪ್ಲಾಸ್ಟಿಕ್ಕನ್ನು ಸೂಚಿಸುತ್ತೇನೆ. ಮರವನ್ನು ಆರಿಸಿದವರು, ಕಾಗದ ಬಿಗಿಯುವಾಗ ಚೌಕಟ್ಟು ಸೊಟ್ಟಗಾಗದಂತೆ ಅದನ್ನು ಹಲಗೆಗೆ ಗುಂಡುಸೂಜಿಗಳಿಂದ ಹಿಡಿಸಿ, ಒಂದು ರಾತ್ರಿ ಒಣಗಲು ಬಿಡಬೇಕು.